ಅಪ್‌ಡೇಟ್: ಗಂಡನ ವಿಳಾಸ ಗೊತ್ತಿಲ್ಲದಿದ್ದರೂ ಡಿವೋರ್ಸ್ ಸಿಕ್ಕಿತು

ಗಂಡ ಬಿಟ್ಟು ಹೋಗಿ ವರ್ಷಗಳಾದವು, ಎಲ್ಲಿದ್ದಾನೋ ಗೊತ್ತಿಲ್ಲ, ನೋಟಿಸ್ ಯಾವ ವಿಳಾಸಕ್ಕೆ ಕಳಿಸೋದು ಅಂತ ಹಿಂದೆ ಇಲ್ಲಿ ಕೇಳಿದ್ದೆ, ಈಗ ಎಕ್ಸ್‌ಪಾರ್ಟಿ ಡಿಕ್ರಿ (ಗಂಡ ಕೋರ್ಟಿಗೆ ಬಾರದೆಯೇ ಕೊಡುವ ತೀರ್ಪು) ಬಂತು. ಏಳು ವರ್ಷ ಕಾಯಲೇಬೇಕು ಅಂದವರ ಮಾತು ನನಗೆ ಹೊಂದಲಿಲ್ಲ. ಅದು ಬದುಕಿರುವ ಸುದ್ದಿಯೇ ಇಲ್ಲದವರ ವಿಷಯ. ಬಿಟ್ಟು ಹೋದದ್ದಕ್ಕೆ ಹಿಂದೂ ವಿವಾಹ ಕಾಯ್ದೆಯ 13ನೇ ಸೆಕ್ಷನ್‌ನಲ್ಲಿ ಎರಡು ವರ್ಷ ಸಾಕು.

ಕೆಲಸಕ್ಕೆ ಬಂದದ್ದು ಪೇಪರಿನಲ್ಲಿ ಪ್ರಕಟಣೆ ಹಾಕಿಸಿ ಅನ್ನುವ ಸಲಹೆ. ಸುಮ್ನೆ ಹಾಕಿಸಿದರೆ ಆಗಲ್ಲ, ಮೊದಲು ಹಳೇ ವಿಳಾಸಕ್ಕೆ ಸಮನ್ಸ್ ಹೋಗಿ ವಾಪಸ್ ಬರಬೇಕು, ಹುಡುಕಿದರೂ ಸಿಗಲಿಲ್ಲ ಅಂತ ಅಫಿಡವಿಟ್ ಕೊಡಬೇಕು, ಆಮೇಲೆ ಕೋರ್ಟ್ ಒಪ್ಪಿದರೆ ಅವನು ಕೊನೆಗೆ ಇದ್ದ ಊರಿಗೆ ಬರುವ ಪತ್ರಿಕೆಯಲ್ಲಿ ಹಾಕಿಸಬೇಕು.

ಹೆಂಡತಿ ತಾನಿರುವ ಊರಲ್ಲೇ ಕೇಸ್ ಹಾಕಬಹುದು, ಕಾನೂನು ಸೇವಾ ಸಮಿತಿಯಿಂದ ಹೆಂಗಸರಿಗೆ ವಕೀಲರು ಉಚಿತ. ಇದು ನನಗೆ ಗೊತ್ತೇ ಇರಲಿಲ್ಲ! ಮತ್ತೆ ಮದುವೆಯಾಗುವವರು ಅಪೀಲು ಹಾಕಲು ಇರುವ 90 ದಿನ ಮುಗಿಯುವವರೆಗೆ ಕಾಯಿರಿ.