ಸಹಾಯ ಬೇಕು: ಪಿಕ್ಸೆಲ್ ಗೇಮ್ ಅರ್ಧದಲ್ಲಿದೆ, ಹಳೇ ಆರ್ಟ್ ಮತ್ತೆ ಬಿಡಿಸ್ಬೇಕಾ?

ಎಲ್ರಿಗೂ ನಮಸ್ಕಾರ. ನಾನೊಬ್ನೇ ಒಂದು ಪಿಕ್ಸೆಲ್ ಆರ್ಟ್ ಗೇಮ್ ಮಾಡ್ತಿದೀನಿ, ವರ್ಷಗಳೇ ಆಯ್ತು, ಆಫೀಸ್ ಮುಗಿಸಿ ಬಂದು ರಾತ್ರಿ ಏಸ್‌ಪ್ರೈಟ್ ಅನ್ನೋ ಚಿತ್ರದ ಸಾಫ್ಟ್‌ವೇರ್‌ನಲ್ಲಿ ಬಿಡಿಸೋದು, ಆಮೇಲೆ ಗೇಮ್ ಮಾಡೋ ಗೊಡೋ ಸಾಫ್ಟ್‌ವೇರ್‌ನಲ್ಲಿ ಕೋಡ್. 32×32 ಪಿಕ್ಸೆಲ್ ಚೌಕದೊಳಗಿನ ಹುಡುಗಿ ಮೊದಲ್ನೇ ಸಲ ಸರಿಯಾಗಿ ನಡೆದ ದಿನ ಖುಷಿಗೆ ನಿದ್ದೇನೇ ಬರ್ಲಿಲ್ಲ. ಆದ್ರೆ ನಾಕು ದಿಕ್ಕಿಗೂ 8 ಫ್ರೇಮ್ ಅಂದ್ರೆ ಬರೀ ನಡಿಗೆಗೇ 32 ಚಿತ್ರ, ಆಮೇಲೆ ಓಟ, ಹೊಡೆತ, ಬೀಳೋದು ಎಲ್ಲಾ ಇದೆ, ವಾರಗಟ್ಲೆ ಕೂತ್ರೂ ಹೊರಗಿನವ್ರಿಗೆ ಏನೂ ಕಾಣಲ್ಲ. ಮನೇಲಿ "ಇನ್ನೂ ಮುಗೀಲಿಲ್ವಾ" ಅಂದಾಗ ಎದೆ ಭಾರ ಆಗುತ್ತೆ.

ಈಗ ಕೈ ಪಳಗಿದೆ, ಹಾಗಾಗಿ ಹೊಸ ಟೈಲ್ಸ್ (ನೆಲ, ಗೋಡೆ ಜೋಡಿಸೋ ಚಿಕ್ಕ ಚೌಕ ಚಿತ್ರಗಳು) ಪಕ್ಕ ಗೇಮ್‌ನ ಮೊದಲ್ನೇ ಊರಿಂದು ಪೇಲವ ಅನ್ಸುತ್ತೆ. ಎಲ್ಲಾ ತಿದ್ದೋಕೆ ಹೋದ್ರೆ ಅಷ್ಟ್ರಲ್ಲಿ ಕೈ ಇನ್ನೂ ಪಳಗುತ್ತೆ, ಮುಗಿಯೋದ್ ಯಾವಾಗ? ಸ್ಟಾರ್‌ಡ್ಯೂ ವ್ಯಾಲಿ ಅನ್ನೋ ಗೇಮ್ ಮಾಡಿದ ಎರಿಕ್ ಬರೋನ್ ಕೂಡ ಒಬ್ರೇ ಸುಮಾರು ನಾಕೂವರೆ ವರ್ಷ ಕೂತು, ಆರ್ಟನ್ನ ಮತ್ತೆ ಮತ್ತೆ ಬಿಡಿಸಿ, 2016ರಲ್ಲಿ ಬಿಡುಗಡೆ ಮಾಡಿದ್ರು, ಅದನ್ನ ನೆನೆದ್ರೆ ಧೈರ್ಯ ಬರುತ್ತೆ, ಮಾರನೇ ದಿನ ಅದೂ ಇರಲ್ಲ.

ವರ್ಷಗಟ್ಲೆ ಒಂದೇ ಗೇಮ್ ಮೇಲೆ ಕೂತು ಮುಗಿಸಿದೋರು ಇದ್ರೆ ದಯವಿಟ್ಟು ಹೇಳಿ. ಎಲ್ಲಾ ಟೈಲ್ಸ್‌ನೂ ಒಂದೇ ಪ್ಯಾಲೆಟ್‌ಗೆ (ಬಣ್ಣಗಳ ಸೆಟ್‌ಗೆ) ತಂದ್ರೆ ಹಳೇದನ್ನ ಉಳಿಸ್ಕೋಬಹುದಾ, ಇಲ್ಲಾ ಔಟ್‌ಲೈನ್, ಶೇಡಿಂಗ್‌ನೂ ತಿದ್ಲೇಬೇಕಾ? ಮನಸ್ಸು ಕುಗ್ಗಿದ ವಾರಗಳಲ್ಲಿ ಪೂರ್ತಿ ದೂರ ಇರ್ತಿದ್ರಾ, ಅಥ್ವಾ ಏನಾದ್ರೂ ಸಣ್ಣ ಕೆಲಸ ಹಿಡ್ಕೋತಿದ್ರಾ? ಅರ್ಧ ಗಂಟೆಯ ಡೆಮೋ ರೆಡಿ ಇದೆ, ಸಾಧಾರಣ ಲ್ಯಾಪ್‌ಟಾಪಲ್ಲೂ ಓಡುತ್ತೆ, ಆಡಿ ಎಲ್ಲಿ ಬೋರ್ ಆಯ್ತು ಅಂತ ನೇರವಾಗಿ ಹೇಳೋರು ಬೇಕು, ಮೆಸೇಜ್ ಮಾಡಿ ಕಳಿಸ್ತೀನಿ.