ಸಹಾಯ ಬೇಕು: ಬೂಸ್ಟು ಹಿಡಿದ ವಿಎಚ್‌ಎಸ್ ವಿಡಿಯೋ ಕ್ಯಾಸೆಟ್ ಸರಿ ಮಾಡಿಕೊಡುವವರು ಯಾರಾದರೂ ಇದ್ದಾರಾ?

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಮಗಳಿಗೆ 30 ತುಂಬುತ್ತದೆ. ಅವಳ ನಾಮಕರಣ, ಮೊದಲ ಹುಟ್ಟುಹಬ್ಬ, ಸ್ಕೂಲ್ ಡೇ ಡ್ಯಾನ್ಸು ಎಲ್ಲಾ ಹಳೇ ವಿಎಚ್‌ಎಸ್ ಕ್ಯಾಸೆಟ್‌ಗಳಲ್ಲಿವೆ. ಪೆನ್ ಡ್ರೈವ್‌ಗೆ ಹಾಕಿಸಿ ಕೊಡೋಣ ಅಂತ ನನಗೂ ನಮ್ಮ ಯಜಮಾನರಿಗೂ ಆಸೆ.

ಹುಟ್ಟುಹಬ್ಬದ ಕ್ಯಾಸೆಟ್ಟೇ ಮುಖ್ಯ. ಕೇಕ್ ಮೇಲಿನ ಚೆರ್ರಿ ಕಿತ್ತು ಅಜ್ಜಿ ಬಾಯಿಗೆ ತುರುಕುತ್ತಾಳೆ. ಅಜ್ಜಿಗೆ ಅವತ್ತು ಏಕಾದಶಿ! "ಬೇಡ ಪುಟ್ಟಿ, ಬೇಡ ಕಣೇ" ಅಂತ ನಗುತ್ತಾರೆ. ನಮ್ಮತ್ತೆಯವರ ದನಿ ಉಳಿದಿರುವುದು ಅದೊಂದರಲ್ಲೇ.

ಆದರೆ ಮಲೆನಾಡಿನ ಮಳೆ ಗೊತ್ತಲ್ವಾ, ಟೇಪಿನ ಅಂಚಿಗೆಲ್ಲಾ ಬಿಳಿ ಬೂಸ್ಟು ಬಂದಿದೆ. ಹಾಗೇ ಓಡಿಸಿದರೆ ಟೇಪು ಹರಿಯಬಹುದು, ಬೂಸ್ಟು ವಿಸಿಆರ್ (ಕ್ಯಾಸೆಟ್ ಹಾಕಿ ನೋಡುವ ಯಂತ್ರ) ಒಳಗಿನ ಹೆಡ್‌ಗೆ ಅಂಟಿ ಬೇರೆ ಕ್ಯಾಸೆಟ್ಟಿಗೂ ಹರಡಬಹುದು. ಅದಕ್ಕೇ ಮುಟ್ಟಿಲ್ಲ.

ಶಿವಮೊಗ್ಗದಲ್ಲಿ, ಇಲ್ಲವೇ ಬೆಂಗಳೂರಿನ ಎಸ್.ಪಿ. ರಸ್ತೆ ಕಡೆ, ಬೂಸ್ಟು ತೆಗೆದು ಕಾಪಿ ಮಾಡಿಕೊಡುವವರು ಗೊತ್ತಿದ್ದರೆ ತಿಳಿಸಿ. ನೀವೇ ಮಾಡಿಸಿದ್ದರೆ ಇನ್ನೂ ಒಳ್ಳೆಯದು, ರೇಟು ಎಷ್ಟಾಯಿತು ಅಂತಲೂ ಹೇಳಿ. ಮೂರು ಗಂಟೆ ಟೇಪಿಗೆ ಮೂರು ಗಂಟೆ ಓಡಿಸಲೇಬೇಕು, ಕಾಯಲು ತೊಂದರೆಯಿಲ್ಲ. ಕೊರಿಯರ್ ಮಾತ್ರ ಬೇಡ, ನಾವೇ ತರುತ್ತೇವೆ.

ಮಗಳು ಈ ಗುಂಪಿನಲ್ಲಿಲ್ಲ, ಧೈರ್ಯವಾಗಿ ಬರೆಯಿರಿ.