ಸಮಸ್ಯಾಪೂರಣ: 3,35,50,336

ಪೃಚ್ಛಕ: ಈ ವಾರದ ಸಮಸ್ಯೆ, ಅಂದರೆ ನೀವು ಮೊದಲ ಮೂರು ಸಾಲು ತುಂಬಬೇಕಾದ ಪದ್ಯದ ಕೊನೆಯ ಸಾಲು: *ತನ್ನ ಹೊರಗಿಟ್ಟು ತಾಂ ತನ್ನನೇ ಪಡೆದತ್ತು.*

ಸಾಲಿಗೆ ಐದು ಮಾತ್ರೆಯ ನಾಲ್ಕು ಗಣ, ಆದಿಪ್ರಾಸ (ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ) ಕಡ್ಡಾಯ. ವಸ್ತು ಐದನೆಯ ಪರಿಪೂರ್ಣ ಸಂಖ್ಯೆ 3,35,50,336. ಅದರ ಭಾಜಕಗಳಲ್ಲಿ ಅದನ್ನೇ ಬಿಟ್ಟು ಮಿಕ್ಕವನ್ನು ಕೂಡಿದರೆ ಮತ್ತೆ ಅದೇ ಬರುತ್ತದೆ. ಆದರೆ 6, 28, 496, 8128 ಕೂಡ ಹಾಗೆಯೇ. ಪದ್ಯ ಈ ಸಂಖ್ಯೆಯೊಂದಕ್ಕೇ ಸಲ್ಲಬೇಕು.

ಲಘುಗುರು:

ಹನ್ನೆರಡು ಸಲವೆರಡ ಗುಣಿಸಿ ಬಂದುದ ಕೊಂಡು
ಇನ್ನೊಮ್ಮೆ ಇಮ್ಮಡಿಸಿ ಒಂದನ್ನು ಕಳೆದಿಟ್ಟು
ಮುನ್ನಿನದರಿಂ ಗುಣಿಸೆ ಮೂಡಿದಾ ಸಂಖ್ಯೆಯದು
ತನ್ನ ಹೊರಗಿಟ್ಟು ತಾಂ ತನ್ನನೇ ಪಡೆದತ್ತು

4096 × 8191. ಯೂಕ್ಲಿಡ್ ಕೊಟ್ಟ ದಾರಿಯೇ ಇದು. ಇಮ್ಮಡಿಸಿ ಒಂದು ಕಳೆದಾಗ ಅವಿಭಾಜ್ಯ ಸಿಗಬೇಕು, ಇಲ್ಲಿ 8191 ಸಿಕ್ಕಿದೆ. 1024ರಲ್ಲಿ ನಿಂತಿದ್ದರೆ 2047 ಬರುತ್ತಿತ್ತು. ಅದು 23 × 89 ಆಗಿ ಒಡೆಯುತ್ತದೆ. 8128 ಆದ ಮೇಲೆ ಇಷ್ಟು ದೂರ ಜಿಗಿಯಬೇಕಾದದ್ದು ಅದಕ್ಕೇ.

ಪೃಚ್ಛಕ: ಅರ್ಥ ನಿಖರವಾಗಿದೆ. ಎರಡನೆಯ ಸಾಲಿನ ವಿಸಂಧಿ (ಸಂಧಿ ಮಾಡದೆ ಸ್ವರಗಳನ್ನು ಬಿಡಿಯಾಗಿ ಇಟ್ಟದ್ದು) ಮಾತ್ರ ಕಿವಿಗೆ ತಾಗಿತು. 'ಇನ್ನೊಮ್ಮೆಯಿಮ್ಮಡಿಸಿಯೊಂದನ್ನು' ಎಂದರೆ ಮಾತ್ರೆ ಕೆಡುವುದಿಲ್ಲ.

ಲಘುಗುರು: ಒಪ್ಪಿದೆ, ಹಾಗೆಯೇ ಓದಿಕೊಳ್ಳಿ.

ನವಾಂಕ: ಸಂಖ್ಯೆಯನ್ನು ದ್ವಿಮಾನ ಪದ್ಧತಿಯಲ್ಲಿ (0 ಮತ್ತು 1 ಮಾತ್ರ ಬಳಸಿ) ಬರೆದು ನೋಡಿದೆ:

ಸೊನ್ನೆ ಹನ್ನೆರಡು ಹಿಂದಿರೆ ಮುಂದೆ ಹದಿಮೂರು
ಬೆನ್ನ ನೆಟ್ಟಗೆ ಮಾಡಿಯೊಂದುಗಳು ನಿಂತಿರಲು
ಎನ್ನದೇ ಹೇಳಿದುವು ಭಾಜಕಗಳೆಣಿಕೆಯನು
ತನ್ನ ಹೊರಗಿಟ್ಟು ತಾಂ ತನ್ನನೇ ಪಡೆದತ್ತು

ಪೃಚ್ಛಕ: ಮೂರನೆಯ ಸಾಲನ್ನು ಬಿಡಿಸಿ ಹೇಳುವಿರಾ?

ನವಾಂಕ: ಒಟ್ಟು ಭಾಜಕಗಳು 26. ತನ್ನನ್ನು ಹೊರಗಿಟ್ಟರೆ 25. ಅವುಗಳಲ್ಲಿ 1, 2, 4 ಎಂದು 4096ರವರೆಗೆ ಹದಿಮೂರು; ಅವುಗಳ ಮೊತ್ತ 8191. ಉಳಿದ ಹನ್ನೆರಡು 8191ರಿಂದಲೇ ಶುರುವಾಗಿ ಇಮ್ಮಡಿಯಾಗುತ್ತ ಹೋಗುತ್ತವೆ. ಅವುಗಳ ಮೊತ್ತ 8191 × 4095. ಎರಡೂ ಸೇರಿದರೆ 8191 × 4096. ಬರಹದಲ್ಲಿ ಹದಿಮೂರು ಒಂದು, ಹನ್ನೆರಡು ಸೊನ್ನೆ. ಭಾಜಕಗಳಲ್ಲೂ ಅದೇ ಹದಿಮೂರು, ಹನ್ನೆರಡು! ಇದನ್ನು ಕಂಡಾಗ ಪದ್ಯ ತಾನಾಗಿ ಬಂತು.

ಲಘುಗುರು: ಸಮಸ್ಯೆಯ ಸಾಲು ಅಲಂಕಾರವಾಗಿ ಉಳಿಯದೆ ಲೆಕ್ಕದ ಕೊನೆಯ ಹೆಜ್ಜೆಯೇ ಆಗಿದೆ. ನನ್ನದಕ್ಕಿಂತ ಇದು ಮೇಲು. ಆದರೆ ಕನ್ನಡದ ೧ಕ್ಕೆ ಬಾಗಿದ ಮೈ; ನೆಟ್ಟನೆಯ ಬೆನ್ನು 1ಕ್ಕೆ ಮಾತ್ರ ಒಪ್ಪುತ್ತದೆ.

ಘನಮೂಲ:

ಚಿನ್ನದಿಟ್ಟಿಗೆಯಂತೆ ಬೆಸಸಂಖ್ಯೆ ಘನಗಳನು
ಉನ್ನತಕೆ ಪೇರಿಸಿರಲರವತ್ತನಾಲ್ಕನ್ನು
ಭಿನ್ನವೆನಿಸದೆ ಕೂಡಿ ಬಂದ ಮೊತ್ತವೆ ನೋಡು
ತನ್ನ ಹೊರಗಿಟ್ಟು ತಾಂ ತನ್ನನೇ ಪಡೆದತ್ತು

1ರಿಂದ 127ರವರೆಗಿನ ಅರವತ್ತನಾಲ್ಕು ಬೆಸ ಸಂಖ್ಯೆಗಳ ಘನಗಳನ್ನು ಕೂಡಿ, 3,35,50,336 ಬರುತ್ತದೆ.

ಪೃಚ್ಛಕ: 'ಚಿನ್ನದಿಟ್ಟಿಗೆ' ಸೊಗಸು. 'ಭಿನ್ನವೆನಿಸದೆ' ಪ್ರಾಸಕ್ಕಾಗಿ ಬಂದಂತಿದೆ, ಇನ್ನೊಮ್ಮೆ ನೋಡಿ.

ನವಾಂಕ: ಅಂಕಿಗಳನ್ನೇ ಕೂಡಿ ನೋಡಿದಿರಾ? 3+3+5+5+0+3+3+6 = 28. ಅದೂ ಪರಿಪೂರ್ಣ ಸಂಖ್ಯೆ! ಒಂದು ಸಾಲು ಹೊಳೆದಿದೆ, ನಡುವಿನ ಎರಡು ಸಾಲು ಇನ್ನೂ ಕೈಗೆ ಸಿಕ್ಕಿಲ್ಲ. ಯಾರಾದರೂ ಮುಂದುವರಿಸಿ:

ಕನ್ನಡಿಯೊಳಿಣುಕಿದೊಡೆ ತಂಗಿಯಿಪ್ಪತ್ತೆಂಟು